ತರಗು ಸುಡಬೇಡಿ, ಉದುರಿದ ಹಣ್ಣು ಬಿಡಬೇಡಿ

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದು 4 ಎಕರೆ ಮಾವಿನ ತೋಪು. ಬಾದಾಮಿ, ತೋತಾಪುರಿ ಇವೆ. ಅಪ್ಪ ಪ್ರತಿ ವರ್ಷ ತರಗೆಲ್ಲಾ ಗುಡಿಸಿ ಸುಡುತ್ತಾರೆ, ಹುಳ ಇರೋದೇ ಅದರಲ್ಲಿ ಅಂತಾರೆ. ಆದರೂ ಹೋದ ವರ್ಷ ಬಾದಾಮಿ ಕುಯ್ದರೆ ಒಳಗೆಲ್ಲಾ ಹುಳ. ಔಷಧಿ ಖರ್ಚೂ ಜಾಸ್ತಿ. ಸುಡೋದು ಬೇಡ ಅಂದರೆ ಮನೆಯಲ್ಲಿ ಜಗಳ. ಯಾರ ಮಾತು ಸರಿ?

ಉತ್ತರ: ಜಗಳ ಬೇಡ, ನಿಮ್ಮ ಅಪ್ಪ ಹೇಳುವುದರಲ್ಲಿ ಅರ್ಧ ಸರಿ ಇದೆ. ಹುಳ ನೆಲದಲ್ಲಿ ಇರುವುದು ನಿಜ. ಆದರೆ ಅದು ಬರುವುದು ತರಗಿನಿಂದ ಅಲ್ಲ, ಉದುರಿ ಕೊಳೆಯುವ ಹಣ್ಣಿನಿಂದ. ಹಣ್ಣಿನ ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ, ಮರಿಹುಳ ತಿರುಳು ತಿಂದು ಬೆಳೆದು, ಹಣ್ಣು ಬಿದ್ದ ಮೇಲೆ ಮಣ್ಣಿಗೆ ಇಳಿದು ಕೋಶ ಕಟ್ಟಿ, ಕೆಲವೇ ದಿನಗಳಲ್ಲಿ ಮತ್ತೆ ನೊಣವಾಗಿ ಮೇಲೆ ಬರುತ್ತದೆ. ನೀವು ಬೆಂಕಿ ಹಾಕುವ ಹೊತ್ತಿಗೆ ಅವು ಎದ್ದು ಹೋಗಿ ಎಷ್ಟೋ ಕಾಲ ಆಗಿರುತ್ತದೆ.

ಹಾಗಾಗಿ ಗುಡಿಸುವ ಕೂಲಿಯನ್ನು ಸುಗ್ಗಿಯಲ್ಲಿ ಹಣ್ಣು ಆಯಲು ಬಳಸಿ. ದಿನಾ ಆಯಿರಿ, ಆಗದಿದ್ದರೆ ಎರಡು ದಿನಕ್ಕೊಮ್ಮೆ. ಆಯ್ದದ್ದನ್ನು ಕನಿಷ್ಠ 2 ಅಡಿ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಬದುವಿನ ಮೇಲೆ ರಾಶಿ ಹಾಕಿ ಬಿಟ್ಟರೆ ನೊಣ ಸಾಕಿದ ಹಾಗೇ ಅಲ್ವಾ? ಜೊತೆಗೆ ಕಾಯಿ ಬಲಿಯುವ ಒಂದೂವರೆ ತಿಂಗಳು ಮುಂಚೆಯೇ ಮೀಥೈಲ್ ಯೂಜಿನಾಲ್ (ಗಂಡು ನೊಣವನ್ನು ಸೆಳೆಯುವ ವಾಸನೆಯ ಮದ್ದು) ಇಟ್ಟ ಬಲೆ ಕಟ್ಟಿ, ಎಕರೆಗೆ 6ರಿಂದ 8 ಸಾಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೂ ಈ ಬಲೆಯನ್ನೇ ಹೇಳುತ್ತಾರೆ. ಇದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಗಂಡು ಕಡಿಮೆಯಾದರೆ ಸಂತಾನ ಕಡಿಮೆ. ನೊಣಕ್ಕೆ ಬೇಲಿ ಗೊತ್ತಿಲ್ಲ. ಪಕ್ಕದ ತೋಪಿನವರೂ ಕಟ್ಟಿದರೆ ಫಲ ಚೆನ್ನಾಗಿರುತ್ತದೆ, ಒಮ್ಮೆ ಹೋಗಿ ಮಾತಾಡಿ.

ಹೂವಿನ ಕಾಲಕ್ಕೆ ಕಾಡುವ ಜಿಗಿಹುಳವೂ ತರಗಿನಲ್ಲಿ ಕೂರುವುದಿಲ್ಲ. ತೊಗಟೆಯ ಬಿರುಕು, ಬಿಸಿಲು ಬೀಳದ ದಟ್ಟ ಕೊಂಬೆ ಅದರ ಮನೆ. ಕೊಯ್ಲು ಮುಗಿದ ಕೂಡಲೇ ಮರದ ನಡುವಿನ ಕೊಂಬೆ, ಒಣಗಿದ ಕಡ್ಡಿ ತೆಗೆದು ಒಳಗೆ ಬೆಳಕು ಬಿಡಿ. ಒಂದು ಮಾತು ಮಾತ್ರ ಕೈಮುಗಿದು ಕೇಳುತ್ತೇನೆ: ಹೂ ಪೂರ್ತಿ ಅರಳಿದಾಗ ಔಷಧಿ ಹೊಡೆಯಬೇಡಿ. ಮಾವಿನಲ್ಲಿ ಕಾಯಿ ಕಟ್ಟಿಸುವುದು ಜೇನು ಮತ್ತು ಸಣ್ಣಪುಟ್ಟ ನೊಣಗಳು (ಹಣ್ಣು ಕೊರೆಯುವ ನೊಣ ಬೇರೆ, ಇವು ಬೇರೆ). ಅವು ಸತ್ತರೆ ಪೀಚು ಎಲ್ಲಿಂದ ಬರಬೇಕು?

ಇನ್ನು ತರಗು. ನಮ್ಮ ಕಡೆಯ ಕೆಂಪು ಮಣ್ಣಿಗೆ ಸತ್ವ ಕೊಡುವುದೇ ಅದು. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೇಲಿನ ಬೇರಿಗೂ ಪೆಟ್ಟು. ಅದರ ಬದಲು ಕೊಂಬೆಯ ನೆರಳು ಬೀಳುವ ಅಂಚಿನಲ್ಲಿ ಸುತ್ತಲೂ ಪಾತಿ ಮಾಡಿ ತರಗು ತುಂಬಿಸಿ, ಸಗಣಿ ನೀರು ಚೆಲ್ಲಿ, ಮೇಲೆ ಸ್ವಲ್ಪ ಮಣ್ಣು ಎಳೆಯಿರಿ. ಮಾವಿನ ಎಲೆ ಬೇಗ ಕರಗುವುದಿಲ್ಲ, ಒಂದು ಮಳೆಗಾಲ ಕಾಯಬೇಕು. ಬುಡದಿಂದ 2 ಅಡಿ ದೂರ ಇರಲಿ, ಇಲ್ಲದಿದ್ದರೆ ಗೆದ್ದಲು ಕಾಂಡಕ್ಕೆ ಹತ್ತುತ್ತದೆ. ನಿಮ್ಮ ಅಪ್ಪನಿಗೆ ಹಾವಿನ ಭಯವೂ ಇರಬಹುದು, ಅದು ಸುಳ್ಳಲ್ಲ. ತರಗು ಪಾತಿಯಲ್ಲೇ ಇದ್ದರೆ ಓಡಾಡುವ ಸಾಲು ಬಯಲಾಗಿರುತ್ತದೆ, ಬಿದ್ದ ಹಣ್ಣೂ ಕಣ್ಣಿಗೆ ಬೀಳುತ್ತದೆ. ರಸ್ತೆ ಬದಿಯಲ್ಲಿ ಒಂದು ಪಟ್ಟಿ ಉಳುಮೆ ಮಾಡಿ ಬಿಡಿ, ಯಾರೋ ಎಸೆದ ಬೀಡಿಯ ಬೆಂಕಿ ಒಳಗೆ ಬರಬಾರದು. ಮುಂಗಾರಿನ ಕೊನೆಗೆ ಸಾಲಿನ ನಡುವೆ ಹುರುಳಿ ಚೆಲ್ಲಿ. ನೆಲ ಮುಚ್ಚುತ್ತದೆ, ದನಕ್ಕೆ ಮೇವೂ ಆಯಿತು.

ಮೊದಲ ವರ್ಷ ಇಡೀ ತೋಪಿಗೆ ಬೇಡ. ಅರ್ಧ ಎಕರೆಯಲ್ಲಿ ತರಗು ಉಳಿಸಿ, ಉಳಿದದ್ದು ಅಪ್ಪನ ಪದ್ಧತಿಯಂತೆ ಇರಲಿ. ಹಣ್ಣು ಆಯುವುದು, ಬಲೆ ಕಟ್ಟುವುದು ಮಾತ್ರ ಎಲ್ಲಾ ಕಡೆ ಮಾಡಿ. ಸುಗ್ಗಿಯಲ್ಲಿ ಎರಡೂ ಕಡೆಯಿಂದ ನೂರು ನೂರು ಬಾದಾಮಿ ತೆಗೆದು ಅಪ್ಪನ ಕೈಯಲ್ಲೇ ಕುಯ್ಯಿಸಿ ಎಣಿಸಿ.