ಬಿದ್ದೋನು ಮಗ ಅಲ್ವೇನ್ರೀ?

ಪ್ರಿಯ ಮೇಷ್ಟ್ರೇ, ನಮಸ್ಕಾರ.

ಪಿರಿಯಾಪಟ್ಟಣದಿಂದ ನೀವು ಬರ್ದ ಪತ್ರ ಸಿಕ್ತು. ನಾಲ್ಕು ಪುಟ, ಅದ್ರಲ್ಲಿ ಮೂರು ಪುಟ ನಮಗೆ ಬೈಗುಳ, ಬೇಜಾರೇನಿಲ್ಲ. ಕಳೆದ ಸಂಚಿಕೇಲಿ ನಿವೃತ್ತ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ ಅವರ ಬಗ್ಗೆ ಒಂದು ಪುಟ ಹಾಕಿದ್ವಲ್ಲ, ಅದನ್ನ ಓದಿ ನೀವು ಕೇಳಿರೋದು ಇಷ್ಟು: "ಫೈಟರ್ ಪೈಲಟ್ ಅಂತ ತಲೆಬರಹ ಹಾಕಿ ಒಳಗೆಲ್ಲ ಅಪ್ಪನ ಮಾತೇ ತುಂಬಿದ್ದೀರಿ. ವಿಮಾನದಿಂದ ಬಿದ್ದೋನು ಮಗ ಅಲ್ವೇನ್ರೀ? ಅವನೆಲ್ಲಿ?"

ನಿಮ್ಮ ಪತ್ರ ಓದಿದ್ಮೇಲೆ ಆ ಪುಟ ತೆಗೆದು ಇನ್ನೊಂದ್ಸಲ ನೋಡ್ದೆ. ನೀವು ಹೇಳಿದ್ದು ಸರಿ ಇದೆ. ನಾವು ಹಾಕಿದ್ದು ವಾಟ್ಸಾಪಲ್ಲಿ ವರ್ಷಕ್ಕೆ ನಾಲ್ಕು ಸಲ ಬರೋ ಅದೇ ಕಥೆ. ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವನನ್ನ ಬಿಟ್ಟು ಕಳಿಸ್ತೀನಿ ಅಂದ, ಅಪ್ಪ, ಅಂದ್ರೆ ನಮ್ಮ ಸೇನೆಯ ಮುಖ್ಯಸ್ಥರಾಗಿ ನಿವೃತ್ತಿಯಾಗಿದ್ದ ಜನರಲ್ ಕೆ.ಎಂ. ಕಾರ್ಯಪ್ಪ, ಬೇಡ, ಸೆರೆಯಲ್ಲಿರೋ ಎಲ್ರೂ ನನ್ ಮಕ್ಕಳೇ, ಬಿಡೋದಾದ್ರೆ ಎಲ್ರನ್ನೂ ಬಿಡು ಅಂದ್ರು. ಕಥೆ ಸುಳ್ಳಲ್ಲ. ಅಯೂಬ್ ಖಾನ್ ದೇಶ ಇಬ್ಭಾಗ ಆಗೋಕ್ಕೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲ್ಸ ಮಾಡಿದ್ದೋರು, ಆ ಹಳೇ ಗೌರವ ಇತ್ತು. ಆದ್ರೆ ಒಂದು ಕಡೆ ಫೋನ್ ಬಂತು ಅಂತಾರೆ, ಇನ್ನೊಂದು ಕಡೆ ಹೈಕಮಿಷನರ್ ಮೂಲಕ ಸಂದೇಶ ಬಂತು ಅಂತಾರೆ, ಡೈಲಾಗ್ ಮಾತ್ರ ಪ್ರತಿ ಸಲ ಸ್ವಲ್ಪ ಉದ್ದ ಆಗ್ತಾ ಹೋಗತ್ತೆ. ನಾವೂ ಅದಕ್ಕೆ ಒಂದೆರಡು ಸಾಲು ಸೇರಿಸಿದ್ವಿ ಅನ್ನೋದು ನಿಮ್ಮ ಆರೋಪ. ಒಪ್ಕೊಂಡೆ.

ಈಗ ಮಗನ ವಿಷಯ. ಕೊಡಂದೇರ ನಂದಾ ಕಾರ್ಯಪ್ಪ ಹುಟ್ಟಿದ್ದು 1938ರಲ್ಲಿ. 1965ರ ಯುದ್ಧದ ಹೊತ್ತಿಗೆ 27 ವರ್ಷದ ಹುಡುಗ, ವಾಯುಪಡೆಯ 20ನೇ ಸ್ಕ್ವಾಡ್ರನ್ನಲ್ಲಿ ಫ್ಲೈಟ್ ಲೆಫ್ಟಿನೆಂಟ್, ಹಾರಿಸ್ತಿದ್ದಿದ್ದು ಹಂಟರ್ ವಿಮಾನ. ಬ್ರಿಟಿಷರ ಹಾಕರ್ ಕಂಪನಿದು, ಒಬ್ಬನೇ ಪೈಲಟ್, ಒಂದೇ ಇಂಜಿನ್, ಮೂತಿಯ ಕೆಳಗೆ 30 ಮಿಲಿಮೀಟರಿನ ನಾಲ್ಕು ಫಿರಂಗಿ. ನೋಡೋಕ್ಕೂ ಚೆಂದದ ವಿಮಾನ ಅದು. ನೆಲದ ಮೇಲಿರೋ ಟ್ಯಾಂಕು, ತೋಪುಗಳ ಮೇಲೆ ದಾಳಿ ಮಾಡ್ಬೇಕಾದ್ರೆ ಇದನ್ನ ತೀರಾ ಕೆಳಕ್ಕೆ ತರ್ಬೇಕು, ಆವಾಗ ಎದುರಿಗೆ ಬರೋದು ಶತ್ರು ವಿಮಾನ ಅಲ್ಲ, ನೆಲದಿಂದ ಮೇಲಕ್ಕೆ ಹಾರೋ ಗುಂಡು. ಅಷ್ಟು ಕೆಳಗಿರೋವಾಗ ಏಟು ಬಿದ್ರೆ ಯೋಚನೆ ಮಾಡೋಕ್ಕೆ ಟೈಮೇ ಇರಲ್ಲ.

ಅವರಿಗೆ ಏಟು ಬಿದ್ದಿದ್ದು ಸೆಪ್ಟೆಂಬರ್ 22ಕ್ಕೆ. ಕದನವಿರಾಮ ಜಾರಿಗೆ ಬಂದಿದ್ದು 23ರ ಬೆಳಗಿನ ಜಾವ ಮೂರೂವರೆಗೆ. ಲೆಕ್ಕ ಹಾಕಿ ನೋಡಿ ಮೇಷ್ಟ್ರೇ, ಒಂದು ದಿನ ಕೂಡ ಇಲ್ಲ! ನಮ್ಮ ಲೇಖನದಲ್ಲಿ ಈ ಸಾಲೇ ಇರ್ಲಿಲ್ಲ, ನನಗೆ ಈಗ ತಲೆ ಚಚ್ಕೊಳ್ಳೋ ಹಾಗಾಗತ್ತೆ.

ವಿಮಾನ ಬಿಟ್ಟು ಹಾರೋದು ಅಂದ್ರೆ ಸಿನಿಮಾದಲ್ಲಿ ತೋರ್ಸೋ ಹಾಗೆ ಕೊಡೆ ಬಿಚ್ಚಿ ಇಳಿಯೋದಲ್ಲ. ಆ ಕಾಲದ ಸೀಟುಗಳಲ್ಲಿ ಹಿಂದುಗಡೆ ಒಂದು ಕೊಳವೆ, ಅದ್ರೊಳಗೆ ಸಿಡಿಮದ್ದು, ಹ್ಯಾಂಡಲ್ ಎಳೆದ್ರೆ ಅದು ಸಿಡಿದು ಸೀಟು ಸಮೇತ ಮನುಷ್ಯನ್ನ ಆಚೆ ಎಸೆಯತ್ತೆ, ಕೋವಿಯಿಂದ ಗುಂಡು ಹೋದ ಹಾಗೆ. ಆ ಏಟು ಬೀಳೋದು ಬೆನ್ನುಮೂಳೆಗೆ. ಕಾರ್ಯಪ್ಪ ಅವರಿಗೂ ಬೆನ್ನಿಗೇ ಪೆಟ್ಟಾಯ್ತು, ಎದ್ದು ಓಡೋಕ್ಕಾಗೋ ಸ್ಥಿತಿ ಇರ್ಲಿಲ್ಲ, ಸೆರೆ ಸಿಕ್ರು, ಆಸ್ಪತ್ರೆಗೆ ಹಾಕಿದ್ರು. ಯಾರ ಮಗ ಅಂತ ಗೊತ್ತಾದ್ಮೇಲೆ ಅಯೂಬ್ ಖಾನರ ಹೆಂಡತಿ, ದೊಡ್ಡ ಮಗ ಆಸ್ಪತ್ರೆಗೇ ಬಂದು ನೋಡ್ಕೊಂಡು ಹೋದ್ರಂತೆ, ಕೈಲಿ ಸಿಗರೇಟು, ಓದೋಕ್ಕೆ ಒಂದು ಇಂಗ್ಲಿಷ್ ಹಾಸ್ಯ ಕಾದಂಬರಿ. ಯುದ್ಧ ಮಾಡಿದ ಎರಡು ದೇಶಗಳ ಮಧ್ಯೆ ಇಂಥದ್ದೂ ನಡೀತಿತ್ತು.

ಇಲ್ಲಿಂದ ಮುಂದೆ ಎಲ್ರೂ ಅಪ್ಪನ ಕಡೆ ತಿರುಗ್ತಾರೆ. ಅಪ್ಪ ಮಡಿಕೇರಿಲಿ ಬೇಡ ಅಂದ ಆ ಬಿಡುಗಡೆಗೆ ಬೆಲೆ ಕೊಟ್ಟೋನು ಮಾತ್ರ ಆ ಕಡೆ, ಬೆನ್ನು ಮುರ್ಕೊಂಡು ಮಲಗಿದ್ದ ಹುಡುಗ. ಎರಡೂ ದೇಶಗಳ ಮಧ್ಯೆ ತಾಷ್ಕೆಂಟ್ ಶಾಂತಿ ಒಪ್ಪಂದ ಆಗಿದ್ದು 1966ರ ಜನವರಿ 10ಕ್ಕೆ, ಅದೇ ತಿಂಗಳು ಅವರು ವಾಪಸ್ ಬಂದ್ರು. ಒಟ್ಟು ನಾಲ್ಕು ತಿಂಗಳು. ಅಪ್ಪ ಹೂಂ ಅಂದಿದ್ರೆ ನಾಲ್ಕು ವಾರದಲ್ಲಿ ಮನೇಲಿರ್ತಿದ್ರೋ ಏನೋ.

"ಆ ಹುಡುಗನಿಗೆ ಅಪ್ಪನ ಮೇಲೆ ಸಿಟ್ಟು ಬಂದಿರಲ್ವಾ?" ಅಂತ ಕೇಳಿದೀರಿ. ನಾನು ಅವರ ಮನಸ್ಸಿನೊಳಗೆ ಇಣುಕೋಕ್ಕೆ ಹೋಗಲ್ಲ, ಆದ್ರೆ ಅವರು ಆಮೇಲೆ ಮಾಡಿದ್ದು ಕಣ್ಣಮುಂದೆ ಇದೆ. ವಾಯುಪಡೆ ಬಿಡ್ಲಿಲ್ಲ, ಬೆನ್ನು ನೋವಿನ ನೆಪ ಹೇಳಿ ಮನೆಗೆ ಬಂದು ಕಾಫಿ ತೋಟ ನೋಡ್ಕೊಂಡಿರ್ಬಹುದಿತ್ತು, ಅದೂ ಮಾಡ್ಲಿಲ್ಲ, ಏರ್ ಮಾರ್ಷಲ್ ಹುದ್ದೆ ತನಕ ಹೋಗಿ ನಿವೃತ್ತಿ ಆದ್ರು. ಅಪ್ಪನ ಜೀವನಚರಿತ್ರೆ ಬರ್ದೋರೂ ಅವರೇ. ಅವರು ಹೇಳ್ಕೊಂಡಿರೋ ಒಂದು ಘಟನೆ ನನಗೆ ಆ ಫೋನ್ ಕಥೆಗಿಂತ ಇಷ್ಟ. ಚಿಕ್ಕೋರಿದ್ದಾಗ ಒಂದಿನ ಸ್ಕೂಲಿಗೆ ಕರ್ಕೊಂಡು ಹೋಗೋ ಗಾಡಿ ಬರ್ಲಿಲ್ಲ, ಅಪ್ಪನ ಎಡಿಸಿ, ಅಂದ್ರೆ ಜೊತೇಲಿರೋ ಸಹಾಯಕ ಅಧಿಕಾರಿ, ಪಾಪ ಅಂತ ಸರ್ಕಾರಿ ಕಾರಲ್ಲಿ ಕಳಿಸಿದ್ರು, ಅಪ್ಪಂಗೆ ಗೊತ್ತಾಗಿ ಎಡಿಸಿಗೆ ಬೈದು ಆ ಓಡಾಟದ ಖರ್ಚನ್ನ ಜೇಬಿಂದ ಕಟ್ಟಿದ್ರು. ಇಂಥ ಮನೇಲಿ ಬೆಳೆದೋನಿಗೆ ಪಾಕಿಸ್ತಾನದಿಂದ ಸ್ಪೆಷಲ್ ಗಾಡಿ ಬರಲ್ಲ ಅಂತ ಮೊದ್ಲೇ ಗೊತ್ತಿರತ್ತೆ, ಅಲ್ವಾ?

ನೀವು ದೇವಯ್ಯನವರನ್ನ ಮರೆತ್ರಿ ಅಂತಲೂ ಬರ್ದಿದೀರಿ. ಮರೆತಿಲ್ಲ. ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಕೂಡ ಕೊಡಗಿನೋರೇ, ಅದೇ ತಿಂಗಳು, ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ವಾಯುನೆಲೆ ಸರ್ಗೋಧಾ ಮೇಲಿನ ದಾಳಿಗೆ ಹೋದೋರು ವಾಪಸ್ ಬರ್ಲೇ ಇಲ್ಲ. ಯಾರಾದ್ರೂ ಹೋಗೋಕ್ಕಾಗ್ದಿದ್ರೆ ಇರ್ಲಿ ಅಂತ ಸ್ಟ್ಯಾಂಡ್‌ಬೈ ಆಗಿದ್ದೋರು, ಹಳೇ ಮಿಸ್ಟೇರ್ ವಿಮಾನದಲ್ಲಿ, ತಮಗಿಂತ ಎಷ್ಟೋ ವೇಗದ ಪಾಕಿಸ್ತಾನದ ಎಫ್-104 ವಿಮಾನ ಒಂದನ್ನ ಕೆಡವಿದ್ರು. ಅದು ನಮ್ಮೋರಿಗೆ ಗೊತ್ತಾಗಿದ್ದೇ 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಬರ್ದ ಪುಸ್ತಕದಿಂದ, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಸತ್ತು 23 ವರ್ಷ ಆದ್ಮೇಲೆ. ಒಂದೇ ಜಿಲ್ಲೆಯ ಇಬ್ರು. ಒಬ್ಬರ ಕಥೆ ಎದುರಾಳಿ ಕಡೆಯಿಂದ ಬರ್ಬೇಕಾಯ್ತು, ಇನ್ನೊಬ್ಬರದ್ದು ಅಪ್ಪನ ಕಥೆ ಕೆಳಗೆ ಸಿಕ್ಕಾಕೊಳ್ತು. ದೇವಯ್ಯನವರಿಗೆ ಬೇರೆಯದೇ ಲೇಖನ ಬೇಕು, ಅರ್ಧ ಪುಟದಲ್ಲಿ ಮುಗಿಸೋ ಹಾಗಿಲ್ಲ ಅದು.

ಇನ್ನೊಂದು ಸಣ್ಣ ವಿಷಯ. ಇನಿಷಿಯಲ್ ತಪ್ಪಾಗಿದೆ ಅಂತ ಕೆಂಪು ಇಂಕಲ್ಲಿ ಗುರುತು ಹಾಕಿದೀರಿ. ತಪ್ಪಾಗಿಲ್ಲ ಮೇಷ್ಟ್ರೇ. ಅಪ್ಪ ಕೆ.ಎಂ., ಮಗ ಕೆ.ಸಿ. ಮೊದಲನೇದು ಮನೆತನದ ಹೆಸರು, ಎರಡನೇದು ಅಪ್ಪನ ಹೆಸರು. ಇದಕ್ಕಾದ್ರೂ ನಮಗೆ ಮಾರ್ಕ್ಸ್ ಕೊಡಿ.

ನಿಮ್ಮ ಪತ್ರದ ಕೊನೇಲಿ ಪಕ್ಕದ ಬೀದಿಲಿ ಆ ಯುದ್ಧದಲ್ಲಿ ಹಂಟರ್ ವಿಮಾನಗಳಿಗೆ ಗುಂಡು ತುಂಬ್ತಿದ್ದ ಹಿರಿಯರೊಬ್ಬರು ಇದ್ದಾರೆ ಅಂತ ಬರ್ದು ಬಿಟ್ಬಿಟ್ಟಿದೀರಿ. ದಯವಿಟ್ಟು ಒಂದು ಸಂಜೆ ಅವರ ಮನೆಗೆ ಹೋಗಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಬರೆಯೋದು ನಾವು ನೋಡ್ಕೋತೀವಿ. ಸೆಪ್ಟೆಂಬರ್ ಸಂಚಿಕೆಗೆ ಆರು ಪುಟ ಖಾಲಿ ಇಟ್ಟಿರ್ತೀನಿ.

ಪತ್ರಿಕೆ ಎರಡು ತಿಂಗಳಿಂದ ಲೇಟಾಗಿ ಬರ್ತಿದೆ ಅಂದಿದೀರಿ, ಆಫೀಸಲ್ಲಿ ವಿಚಾರಿಸ್ತೀನಿ.

ಇಂತಿ,
ಸಂಪಾದಕ