ಓದುಗರ ಪ್ರಶ್ನೆ: ಸೊಂಟದ ಕೀಲು ಬದಲಾದ ಮೇಲೆ ಮೂಳೆಗೆ ಏನಾಗುತ್ತದೆ?

ಆಯಿಗೆ ಹದಿನಾಲ್ಕು ತಿಂಗಳ ಹಿಂದೆ ಸಿಮೆಂಟ್ ಇಲ್ಲದ ಸೊಂಟದ ಕೀಲು ಹಾಕಿದ್ದಾರೆ. ನೋವಿಲ್ಲ, ತೋಟಕ್ಕೆ ನಡೆದು ಹೋಗಿಬರುತ್ತಾರೆ. ಈಗಿನ ಎಕ್ಸ್-ರೇ ವರದಿಯಲ್ಲಿ ‘ಗ್ರುಯೆನ್ ಏಳನೇ ವಲಯದಲ್ಲಿ ಮೂಳೆ ಕಡಿಮೆಯಾಗಿದೆ’ ಎಂದಿದೆ. ಕೀಲು ಸಡಿಲವಾಯಿತೇ? — ಓದುಗರು, ಶಿರಸಿ

ಅಷ್ಟರಿಂದಲೇ ಸಡಿಲ ಎನ್ನಲಾಗದು. ತೊಡೆಮೂಳೆಯೊಳಗೆ ಕೂರಿಸಿದ ಲೋಹದ ಸ್ಟೆಮ್ ಸುತ್ತಲಿನ ಮೂಳೆಯನ್ನು ಏಳು ಭಾಗ ಮಾಡಿ ಓದುವ ಈ ಗ್ರುಯೆನ್ ಪದ್ಧತಿ 1979ರದು. ಹೊರಬದಿಯಲ್ಲಿ ಮೇಲಿಂದ ಕೆಳಕ್ಕೆ 1, 2, 3, ತುದಿಯಲ್ಲಿ 4, ಒಳಬದಿಯಲ್ಲಿ ಕೆಳಗಿಂದ ಮೇಲಕ್ಕೆ 5, 6, 7. ಏಳನೆಯ ಜಾಗದಲ್ಲಿ ಮೊದಲು ಮೈಭಾರ ನೇರವಾಗಿ ಮೂಳೆಗೆ ಇಳಿಯುತ್ತಿತ್ತು. ಈಗ ಸ್ಟೆಮ್ ಅದನ್ನು ಹೊತ್ತು ಕೆಳಗೆ ದಾಟಿಸುತ್ತದೆ. ಟೈಟಾನಿಯಂ ಮಿಶ್ರಲೋಹದ ಬಿಗಿತ ಸುಮಾರು 110 ಗಿಗಾಪಾಸ್ಕಲ್, ಕೋಬಾಲ್ಟ್-ಕ್ರೋಮಿನದು 200ಕ್ಕೂ ಹೆಚ್ಚು. ಮೂಳೆಯ ಗಟ್ಟಿ ಹೊರಪದರದ್ದು 20ರ ಆಸುಪಾಸು, ಹಾಗಾಗಿ ಭಾರದ ಹೆಚ್ಚಿನ ಪಾಲು ಲೋಹಕ್ಕೇ ಹೋಗುತ್ತದೆ. ಕೆಲಸ ತಪ್ಪಿದ ಮೂಳೆಯನ್ನು ದೇಹ ಕರಗಿಸುತ್ತದೆ. ಹೆಚ್ಚಿನ ನಷ್ಟ ಮೊದಲ ವರ್ಷದಲ್ಲೇ ಆಗಿ, ಆಮೇಲೆ ನಿಧಾನವಾಗುತ್ತದೆ.

ಚಿಂತಿಸಬೇಕಾದ ಗುರುತುಗಳು ಬೇರೆ. ಸ್ಟೆಮ್ ಸುತ್ತ 2 ಮಿ.ಮೀ. ಮೀರಿದ, ಪ್ರತಿ ಫಿಲ್ಮಿನಲ್ಲೂ ಹಿಗ್ಗುವ ಕಪ್ಪು ಗೆರೆ. ಇಳಿಯುತ್ತಲೇ ಇರುವ ಸ್ಟೆಮ್. ಕೃತಕ ಕೀಲಿನ ಬಟ್ಟಲಿನ ಪ್ಲಾಸ್ಟಿಕ್ ಸವೆದ ಪುಡಿಯಿಂದ ಮೂಳೆಯಲ್ಲಿ ಬೀಳುವ ಗುಳಿ. ಕುರ್ಚಿಯಿಂದ ಎದ್ದ ಮೊದಲ ಹೆಜ್ಜೆಗಳಲ್ಲೇ ತೊಡೆ ಅಥವಾ ತೊಡೆಸಂದು ನೋಯತೊಡಗಿದರೆ ತೋರಿಸಿ. ಜ್ವರ ಬಂದು ಸೊಂಟ ನೋವಾದರೆ, ಗಾಯ ಒಸರಿದರೆ ಅದೇ ದಿನ ಹೋಗಿ.

ಅಪ್ಪನ ಎಕ್ಸ್-ರೇ ಒಮ್ಮೆ ಕಾರವಾರದಲ್ಲಿ, ಒಮ್ಮೆ ಗೋವಾದಲ್ಲಿ ತೆಗೆಸಿದೆವು. ಎರಡನ್ನೂ ಅಳೆದವರು ಸ್ಟೆಮ್ 3 ಮಿ.ಮೀ. ಇಳಿದಿದೆ ಅಂದರು. ಡೆಕ್ಸಾ ಸ್ಕ್ಯಾನ್ ಮಾಡಿಸಲೇ? — ಓದುಗರು, ಕಾರವಾರ

ಮೊದಲು ಎರಡೂ ಚಿತ್ರ ಎಷ್ಟು ಹಿಗ್ಗಿವೆ ನೋಡಿಸಿ. ದೇಹ ಫಿಲ್ಮಿನಿಂದ ದೂರವಾದಷ್ಟೂ ಚಿತ್ರ ದೊಡ್ಡದಾಗುತ್ತದೆ, ದಪ್ಪ ಮೈಯವರಲ್ಲಿ ಇನ್ನಷ್ಟು. ಅಳತೆಗೋಲು ಒಳಗೇ ಇದೆ: ಕೃತಕ ಕೀಲಿನ ಗುಂಡು. ಅದರ ವ್ಯಾಸ ಆಪರೇಷನ್ ಕಾಗದದ ಸ್ಟಿಕರಿನಲ್ಲಿರುತ್ತದೆ, ಸಾಮಾನ್ಯವಾಗಿ 28, 32 ಇಲ್ಲವೆ 36 ಮಿ.ಮೀ. ಗುಂಡು 32ರದು ಎಂದುಕೊಳ್ಳಿ. ಮೊದಲ ಚಿತ್ರದಲ್ಲಿ ಅದು 36.8 ಕಂಡರೆ ಹಿಗ್ಗು 1.15, ಎರಡನೆಯದರಲ್ಲಿ 38.4 ಕಂಡರೆ 1.20. ತೊಡೆಮೂಳೆಯ ಒಳಬದಿಯ ಚಿಕ್ಕ ಉಬ್ಬಿನಿಂದ ಸ್ಟೆಮ್ ತುದಿಗೆ ಮೊದಲು 69, ಆಮೇಲೆ 72 ಮಿ.ಮೀ. ಬಂದರೆ 3 ಮಿ.ಮೀ. ಇಳಿದಂತೆ ತೋರುತ್ತದೆ. ಭಾಗಿಸಿ ನೋಡಿ: ಎರಡೂ 60. ಸ್ಟೆಮ್ ಕದಲಿಯೇ ಇಲ್ಲ.

ಕಾಲು ತಿರುಗಿದರೂ ಇದೇ ಪಾಡು. ಪಾದ ಹೊರಕ್ಕೆ ವಾಲಿದರೆ ಆ ಉಬ್ಬು ದೊಡ್ಡದಾಗಿ ಕಾಣುತ್ತದೆ, ಸ್ಟೆಮ್ ಓರೆಯಾಗುತ್ತದೆ. ಪಾದ ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಿ, ಸ್ಟೆಮ್ ತುದಿಯ ಕೆಳಗೂ ಕೆಲವು ಸೆಂ.ಮೀ. ಮೂಳೆ ಬರುವಂತೆ ತೆಗೆಯಲು ಪ್ರತಿ ಸಲ ಹೇಳಿ. ಫಿಲ್ಮಿನ ಮೊಬೈಲ್ ಫೋಟೊ ಅಳತೆಗೆ ಒದಗದು. ಯಂತ್ರದ ಮೂಲ ಡಿಜಿಟಲ್ ಚಿತ್ರವಾದ ಡೈಕಾಮ್ ಫೈಲನ್ನೇ ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಫಿಲ್ಮುಗಳು ಒಂದಕ್ಕೊಂದು ಅಂಟಿ ಹಾಳಾಗುತ್ತವೆ. ಆಪರೇಷನ್ ಆದ ಕೂಡಲೇ ತೆಗೆದ ಚಿತ್ರವಂತೂ ಯಾವ ಕಾರಣಕ್ಕೂ ಕಳೆಯಬಾರದು, ಮುಂದಿನದನ್ನೆಲ್ಲ ಹೋಲಿಸುವುದು ಅದಕ್ಕೇ.

ಸ್ಟೆಮ್ ಇಳಿದಿದೆಯೇ ಎಂಬುದಕ್ಕೆ ಡೆಕ್ಸಾ ಉತ್ತರ ಕೊಡದು. ಅದು ಮೂಳೆಯ ಸಾಂದ್ರತೆ ಅಳೆಯುತ್ತದೆ, ಮತ್ತು ಅಲ್ಲಿ ಎಕ್ಸ್-ರೇಗಿಂತ ಬಹಳ ಚುರುಕು: ಬರಿಗಣ್ಣಿಗೆ ಎಕ್ಸ್-ರೇಯಲ್ಲಿ ಗೊತ್ತಾಗುವಷ್ಟರಲ್ಲಿ ಸುಮಾರು 30 ಶೇಕಡಾ ಮೂಳೆ ಹೋಗಿರುತ್ತದೆ. ಆದರೆ ಲೋಹವನ್ನು ಬಿಟ್ಟು ಲೆಕ್ಕಹಾಕುವ ಪ್ರಾಸ್ಥೆಸಿಸ್ ವಿಧಾನ ಆ ಯಂತ್ರದಲ್ಲಿರಬೇಕು. ಮೊದಲ ಅಳತೆ ಆಪರೇಷನ್ನಿನ ಆರಂಭದ ವಾರಗಳಲ್ಲೇ ಆಗಿ, ಮುಂದಿನವೂ ಅದೇ ಯಂತ್ರದಲ್ಲಿ ಆಗಬೇಕು. ಟೊಳ್ಳುಮೂಳೆ ರೋಗದ ತಪಾಸಣೆಗಾದರೆ ಇನ್ನೊಂದು ಸೊಂಟ ಮತ್ತು ಬೆನ್ನುಮೂಳೆಯನ್ನು ಅಳೆಸಿ.

ಎಂಜಿನಿಯರಿಂಗ್ ಪ್ರಾಜೆಕ್ಟಿಗೆ, ಮೂಳೆ ಎಲ್ಲಿ ಕರಗುತ್ತದೆಂದು ಕಂಪ್ಯೂಟರ್ ಮಾದರಿಯಿಂದ ಮುಂಗಾಣಬೇಕು. ಎಲ್ಲಿ ಎಡವುತ್ತಾರೆ? — ವಿದ್ಯಾರ್ಥಿನಿ, ಹೊನ್ನಾವರ

ಸಿಟಿ ಸ್ಕ್ಯಾನ್ ಚಿತ್ರದಲ್ಲೇ. ಲೋಹದ ಸುತ್ತ ಏಳುವ ಬಿಳಿ-ಕಪ್ಪು ಪಟ್ಟಿಗಳನ್ನು ಮಾದರಿ ಮೂಳೆಯೆಂದೇ ನಂಬುತ್ತದೆ. ಆದ್ದರಿಂದ ಆಪರೇಷನ್ನಿಗೆ ಮೊದಲಿನ ಸಿಟಿ ಸಿಕ್ಕರೆ ಅದರಿಂದಲೇ ಮೂಳೆ ಕಟ್ಟಿ, ಸ್ಟೆಮ್ ಆಮೇಲೆ ಕೂರಿಸಿ. ಸಿಟಿಯ ಬೂದುಬಣ್ಣವನ್ನು ಸಾಂದ್ರತೆಗೆ ತಿರುಗಿಸಲು ಸಾಂದ್ರತೆ ಗೊತ್ತಿರುವ ಹೋಲಿಕೆಯ ತುಂಡು (ಫ್ಯಾಂಟಮ್) ಬೇಕು. ಸಾಂದ್ರತೆಯಿಂದ ಪ್ರತಿ ಎಲಿಮೆಂಟಿಗೆ, ಅಂದರೆ ಮಾದರಿಯನ್ನು ಒಡೆದ ಪ್ರತಿ ಪುಟ್ಟ ತುಂಡಿಗೆ, ಬಿಗಿತ ಬರುತ್ತದೆ. ನಡೆಯುವಾಗ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ, 60 ಕೆ.ಜಿ.ಯವರಿಗೆ ಸುಮಾರು 1,470 ನ್ಯೂಟನ್. ಸೊಂಟದ ಪಕ್ಕದ ಸ್ನಾಯುಗಳ ಎಳೆತವನ್ನು ಬಿಟ್ಟರೆ ಮೂಳೆ ಅತಿಯಾಗಿ ಬಾಗಿ ಫಲಿತಾಂಶ ಕೆಡುತ್ತದೆ. ಪ್ರತಿ ಎಲಿಮೆಂಟಿನ ವಿಕೃತಿ ಶಕ್ತಿಯನ್ನು (ಭಾರಕ್ಕೆ ಆಕಾರ ಬದಲಾದಾಗ ಒಳಗೆ ಕೂಡುವ ಶಕ್ತಿ) ಆಪರೇಷನ್ನಿಗೆ ಮೊದಲು ಅದೇ ಜಾಗದ ಮೂಳೆಯಲ್ಲಿದ್ದ ಶಕ್ತಿಯ ಜೊತೆ ಹೋಲಿಸಿ, ತೀರಾ ಕಡಿಮೆಯಾದಲ್ಲಿ ಸಾಂದ್ರತೆ ಇಳಿಸಿ, ತೀರಾ ಹೆಚ್ಚಾದಲ್ಲಿ ಏರಿಸಿ, ಮತ್ತೆ ಲೆಕ್ಕಹಾಕಿಸಿ. ಸಣ್ಣ ವ್ಯತ್ಯಾಸಕ್ಕೆ ಮೂಳೆ ಸ್ಪಂದಿಸದ ಒಂದು ಪಟ್ಟೆಯನ್ನು ನಡುವೆ ಬಿಡಲೇಬೇಕು. ಸ್ಟೆಮ್ ಮೊದಲ ದಿನದಿಂದಲೇ ಇಡೀ ಮೂಳೆಗೆ ಅಂಟಿದೆ ಎಂದು ಹಿಡಿಯಬೇಡಿ. ಮೂಳೆ ಬೆಳೆದು ಹಿಡಿಯುವ ಮುನ್ನ ಅಲ್ಲಿರುವುದು ಘರ್ಷಣೆ ಮಾತ್ರ. ಕೊನೆಗೆ ಡೆಕ್ಸಾ ಅಂಕಿಗಳೊಂದಿಗೆ ಏಳೂ ವಲಯಗಳನ್ನು ಬೇರೆಬೇರೆಯಾಗಿ ತಾಳೆ ನೋಡಿ: ಏಳನೆಯದರ ತಪ್ಪನ್ನು ನಾಲ್ಕನೆಯದು ಸರಿದೂಗಿಸಿ ಒಟ್ಟು ಮೊತ್ತ ಸರಿಯಾಗಿ ಕಾಣಬಹುದು.