ರಾಮಾಚಾರಿಯನ್ನು ಯಾವ ಗುಂಪಿಗೆ ಸೇರಿಸೋಣ?

ಪ್ರಿಯ ಓದುಗರೆ,

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ರಾಮಾಚಾರಿ ಹದಿನಾರು ವ್ಯಕ್ತಿತ್ವ ಮಾದರಿಗಳಲ್ಲಿ ಯಾವುದಕ್ಕೆ ಸೇರುತ್ತಾನೆ ಎಂದು ಗೆಳತಿಯರೊಂದಿಗೆ ಒಂದು ಸಂಜೆಯೆಲ್ಲ ವಾದಿಸಿ, ಬಗೆಹರಿಯದೆ ಎದ್ದಿರೆಂದು ಬರೆದಿದ್ದೀರಿ. ಪಾತ್ರಗಳನ್ನು ಹೀಗೆ ವಿಂಗಡಿಸುವುದು ತಪ್ಪೇ ಎಂದೂ ಕೇಳಿದ್ದೀರಿ.

ಖಂಡಿತ ತಪ್ಪಲ್ಲ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂದು ನಾಯಕರನ್ನು ನಾಲ್ಕು ಬಗೆ ಮಾಡಿದ ಪರಂಪರೆ ನಮ್ಮದು. ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿದೊಡನೆ ಬರುವವನು ಎಂಥವನೆಂದು ಮಗುವಿಗೂ ತಿಳಿಯುತ್ತದೆ. ಆದರೂ ಬೆಳಗಿನವರೆಗೆ ಕೂರುತ್ತೇವೆ. ಕರ್ಣ ಯಾರೆಂದು ಗೊತ್ತು. ಈ ಹೊತ್ತು ಮಾತು ಕಟ್ಟಿ ಆಡುವ ಅರ್ಥಧಾರಿಯ ಕರ್ಣ ಕುಂತಿಗೆ ಏನು ಹೇಳುತ್ತಾನೆಂದು ಗೊತ್ತಿರುವುದಿಲ್ಲ.

ನೀವು ಬಳಸಿದ ಪಟ್ಟಿಯ ಬೇರು ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಅದನ್ನು ಪ್ರಶ್ನಾವಳಿಯಾಗಿ ಬೆಳೆಸಿದವರು ಅಮೆರಿಕದ ತಾಯಿ–ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಅಂತರ್ಮುಖಿಯೋ ಬಹಿರ್ಮುಖಿಯೋ, ವಿಚಾರವೋ ಭಾವವೋ ಎಂದು ನಾಲ್ಕು ಜೋಡಿಗಳಲ್ಲಿ ಒಂದೊಂದನ್ನು ಆರಿಸಬೇಕು. ನಿಮ್ಮ ವಾದ ಕಗ್ಗಂಟಾದದ್ದು ಇಲ್ಲೇ ಇರಬೇಕು.

ನಕಲು ಮಾಡಿ ಸಿಕ್ಕಿಬಿದ್ದ ಅವಮಾನವನ್ನು ನುಂಗಲಾರದೆ, ಪ್ರಿನ್ಸಿಪಾಲರ ಮನೆಗೆ ಕಲ್ಲು ತೂರಿ, ಅವರನ್ನು ಅರೆಬತ್ತಲೆಯಾಗಿ ಕಂಬಕ್ಕೆ ಕಟ್ಟಿ ಓಡುವ ಹುಡುಗ ಅವನು. ಧೀರೋದ್ಧತ, ಅಂದರೆ ಸೊಕ್ಕು ಸಿಟ್ಟುಗಳ ನಾಯಕ, ಎನ್ನಲು ಅಡ್ಡಿಯಿಲ್ಲ. ಆದರೆ ಚಾಮಯ್ಯ ಮೇಷ್ಟ್ರು ಕೇಳಿದರೆಂಬ ಒಂದೇ ಕಾರಣಕ್ಕೆ ಪ್ರೀತಿಸಿದ ಅಲಮೇಲುವನ್ನೇ ಬಿಟ್ಟುಕೊಡುತ್ತಾನೆ. ಊರಿಗೆಲ್ಲ ಹೆಡೆ ಎತ್ತಿದವನು ಒಬ್ಬರೆದುರು ಮಾತ್ರ ತಲೆ ತಗ್ಗಿಸುತ್ತಾನೆ. ವಿಷ್ಣುವರ್ಧನ್ ಕಣ್ಣುಗಳಲ್ಲಿದ್ದ ಆ ಸಿಟ್ಟು ಅಲ್ಲಿ ಹೇಗೆ ನೀರಾಗುತ್ತದೆ ಎಂಬುದನ್ನು ಯಾವ ಪಟ್ಟಿ ಹೇಳೀತು?

ಚಾಮಯ್ಯನವರನ್ನೂ ನೋಡಿ. ಯೂಂಗ್ ಹೇಳುವ ವಿವೇಕಿ ವೃದ್ಧನ ಮೂಲರೂಪವೇ, ಅಂದರೆ ಎಲ್ಲರ ಮನದಾಳದಲ್ಲಿರುವ ಆ ಚಿತ್ರವೇ, ಮೇಷ್ಟ್ರ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ ಅವರ ಆ ಮೃದು ದನಿಯಲ್ಲಿದೆ. ಹಾಗಾಗಿಯೇ ನಾವು ಅವರನ್ನು ಕಣ್ಣುಮುಚ್ಚಿ ನಂಬುತ್ತೇವೆ, ರಾಮಾಚಾರಿಯಂತೆಯೇ. ಆದರೆ ಕಥೆಯಲ್ಲಿ ದೊಡ್ಡ ಹಾನಿಯಾಗುವುದು ಈ ಒಳ್ಳೆಯ ಗುರುವಿನ ಮಾತಿನಿಂದ. ಮಾದರಿಯನ್ನು ಮೊದಲು ಗುರುತಿಸಿದ್ದರಿಂದಲೇ ಈ ಬಿರುಕು ನನಗೆ ಕಂಡಿತು. ಅಷ್ಟರಮಟ್ಟಿಗೆ ನಿಮ್ಮ ಪಟ್ಟಿಗೆ ನಾನು ಋಣಿ.

ಮುಂದೆ, ಅವನು ಆಮೇಲೆ ಪ್ರೀತಿಸಿದ ಮಾರ್ಗರೆಟ್‌ಳನ್ನು ಬಿಡು ಎಂದು ಅದೇ ಮೇಷ್ಟ್ರು ಬಂದಾಗ ರಾಮಾಚಾರಿ ಬಾಗುವುದಿಲ್ಲ. ಅಷ್ಟರಲ್ಲಿ ಅವನು ಅಲಮೇಲುವಿನ ಬಾಳು ಏನಾಯಿತೆಂದು ಕಣ್ಣಾರೆ ಕಂಡಿದ್ದಾನೆ. ಈ ಎರಡು ದೃಶ್ಯಗಳನ್ನು ಗೆಳತಿಯರೊಂದಿಗೆ ಒಂದರ ಬೆನ್ನಿಗೊಂದು ನೋಡಿ, ಈ ಸಲ ಮೇಷ್ಟ್ರ ಬಗ್ಗೆ ಬರೆಯಿರಿ.

– ಸಂ.